ಬಾವಿಕಟ್ಟಿ ಮುದುಕಿ ಅಂದದ್ದು

ಸೊಲ್ಲಾಪುರದ ಮಂಗಳವಾರ ಬಜಾರದಾಗ
ಗುಜರಿ ರಾಶಿ ಕೆದರಿ ಗುರುಬಸು ತಂದ ಕ್ಯಾಸೆಟ್ಟು.
ಮ್ಯಾಲ ಕತ್ತಿ ಹಿಡಿದ ಹುಡುಗ, ಹಿಂದೊಂದು ಗುಡ್ಡ,
ಅಕ್ಷರ ಒಂದೂ ನಮ್ಮವಲ್ಲ.
ಮೂವತ್ತು ರೂಪಾಯಿ.
ಅವ್ವ ಸಾವಿರ ಬೀಡಿ ಕಟ್ಟಿದರ ಬರೋ ಕೂಲಿ.

ಊದಿ ಊದಿ ಹಾಕಿದರ ನಾಕನೇ ಸಲಕ್ಕ ಹತ್ತಿತು.
ಮೊದಲು ಹೆಸರು ಕೇಳಿತು.
ಓದಾಕ ಬರದ ಲಿಪಿ, ಆಕಾರ ನೋಡಿ ಆರಿಸಿದಿವಿ:
ಮೀನಿನ ಗಾಳದಂಥದ್ದೊಂದು,
ಮಗ್ಗದಾಗ ಗಂಟು ಬಿದ್ದ ನೂಲಿನಂಥದ್ದೊಂದು.
ಎರಡೇ ಅಕ್ಷರ. ನಮ್ಮ ಹುಡುಗ ಹೊರಟ.

ದಾರಿಯಾಗ ಸಿಕ್ಕವರೆಲ್ಲ ಮಾತಾಡತಿದ್ದರು,
ತುಟಿ ಅಲುಗಿಸದ, ಚೌಕಟ್ಟಿನೊಳಗ
ಟಿಕ್ ಟಿಕ್ ಅಂತ ಅಕ್ಷರ ಉದುರಿಸಿಕೋತ.
ನಾವು ಭಾಷಾ ಹಂಚಿದಿವಿ.
ರಾಜ ಮರಾಠಿ, ಯಾಕಂದ್ರ ಹೆಡ್‌ಮಾಸ್ತರು ಮರಾಠಿ.
ಕತ್ತಿ ಮಾರೋನು ತೆಲುಗು,
ಓಣಿಯ ಯೆಮೂಲ ಶೇಟನ ಹಂಗ ಉದ್ರಿ ಇಲ್ಲ ಅಂತಿದ್ದ.
ರಾಕ್ಷಸರೆಲ್ಲ ಹಿಂದಿ, ಸಿನಿಮಾದಿಂದ ಬಂದವರು.
ಬಾವಿಕಟ್ಟಿ ಮ್ಯಾಲ ಕೂತ ಮುದುಕಿ ಒಬ್ಬಾಕಿನೇ ಕನ್ನಡ.
ಗುರುಬಸು ಮೂಗು ಹಿಡಿದು ಆಯಿ ದನಿ ತೆಗೀತಿದ್ದ:
"ಉಂಡು ಹೋಗ್ರೋ, ಹಾದ್ಯಾಗ ಏನೂ ಸಿಗಂಗಿಲ್ಲ."

ಉಂಡೇ ಹೋಗತಿದ್ದಿವಿ. ಖರೇನ.
ಆಟ ನಿಲ್ಲಿಸಿ, ಕಟಿ ರೊಟ್ಟಿ, ಶೇಂಗಾ ಹಿಂಡಿ.

ಊರ ಬಡಗಣಕ್ಕ ಗವಿ. ಹೊಕ್ಕರ ಪರದೆ ಕರ್ರಗ.
ಟೀವಿ ಕೆಟ್ಟದ ಅಂತ ಅದರ ತಲಿ ಮ್ಯಾಲ ಬಡಿದ ಗುರುಬಸು,
ಕತ್ತಲಿನೂ ಆಟದ್ದೇ ಅಂತ ಆಮ್ಯಾಲೆ ತಿಳೀತು.
ಗ್ವಾಡಿಗೆ ಹಾಯ್ದರ ಡುಬ್ ಅನ್ನೋ ಸಪ್ಪಳ,
ಅದೊಂದೇ ಕಣ್ಣು.
ಬಾಜೂಕಿನ ಮಗ್ಗ ತಿರುಗೋ ತನಕ ಅದೂ ಕೇಳಂಗಿಲ್ಲ.
ಪಾಳಿ ಬದಲಾಗೋ ಅರ್ಧ ತಾಸು ಕಾಯಬೇಕು,
ಹಂಗ ಒಂದು ಬ್ಯಾಸಗಿ ಪೂರಾ ನಡೆದಿವಿ.
ಬೀಡಿ ಲೇಬಲ್ಲಿನ ಹಿಂದ ಬರೆದಿಟ್ಟಿದ್ದಿವಿ:
ಎಡಕ್ಕ ಹದಿನೇಳು, ಮ್ಯಾಲ ನಾಕು,
ಮತ್ತ ಎಡಕ್ಕ ಒಂಬತ್ತು, ಇಲ್ಲಿ ಬಾವಲಿ.

ಈಗ ರಕ್ತಪೇಢಿಯೊಳಗ ರಾತ್ರಿ ಪಾಳಿ.
ರಕ್ತದ ಚೀಲ ತೂಗೋ ಯಂತ್ರದ ಬಾಜೂಕ ನನ್ನ ಮೊಬೈಲು.
ಅದೇ ಆಟ. ಯಾರೋ ಪುಣ್ಯಾತ್ಮರು
ಕೂತು ಇಂಗ್ಲಿಷಿಗೆ ಇಳಿಸ್ಯಾರ.
ನಲವತ್ತೊಂದನೇ ವಯಸ್ಸಿನ್ಯಾಗ
ಬಾವಿಕಟ್ಟಿಗೆ ಹೋಗಿ ನಿಂತೆ, ಗುಂಡಿ ಒತ್ತಿದೆ.
"ಬಡಗಣ ಗವಿ ಕತ್ತಲು.
ಅಂಗಡಿಯಾಗ ದೀವಟಿಗೆ ಸಿಗತದ, ಎಂಟು ನಾಣ್ಯ."
ಇನ್ನೊಮ್ಮೆ ಒತ್ತಿದೆ. ಅದೇ.

ಎಂಟು ನಾಣ್ಯ!
ನಮ್ಮ ಹುಡುಗನ ಚೀಲದಾಗ ಆರುನೂರು ಕೊಳೀತಿದ್ದವು.

ಕೊಂಡೆ. ಹಚ್ಚಿದೆ.
ಗವಿ ಅಂದ್ರ ಮೂರು ತಿರುವು, ಒಂದು ಖಾಲಿ ಪೆಟ್ಟಿಗಿ,
ನಮ್ಮ ಚಾಳಿನ ನಳದ ಸಂದಿಗಿಂತ ಸಣ್ಣದು.
ಬಾವಲಿ ಎರಡು, ಪಾಪ, ಬಡಕಲು.

ಹೆಸರಿನ ಅರ್ಥಾನೂ ಹುಡುಕಿದೆ.
ಗಾಳ, ಗಂಟು, ಕೂಡಿಸಿ ಓದಿದರ
ಅವರ ಭಾಷಾದಾಗ ಸಾಯೋದು ಅಂತ.
ನಕ್ಕುಬಿಟ್ಟೆ, ವಾರ್ಡ್‌ಬಾಯ್ ಇಣುಕಿ ನೋಡಿದ.
ಆಯಿ ದಿನಾ ನಮ್ಮನ್ನ ಕರೀತಿದ್ದದ್ದೂ ಹಂಗೇ:
"ನಿಮ್ಮ ಹೆಣಾ ಎತ್ಲಿ, ಬರ್ರೋ ಊಟಕ್ಕ."

ಗುರುಬಸುಗ ಫೋನ್ ಹಚ್ಚಿದೆ.
ಟಾವೆಲ್ ಕಾರ್ಖಾನಿ, ಅವಂದೂ ರಾತ್ರಿ ಪಾಳಿ,
ಎಡಗಿವಿ ಮಗ್ಗಕ್ಕ ಕೊಟ್ಟು ಬಲಗಿವಿಯಾಗ ಬದುಕಿದವ.
ಒದರಿ ಹೇಳಿದೆ: ದೀವಟಿಗೆ, ಎಂಟು ನಾಣ್ಯ,
ಮೊದಲ ದಿನಾನೇ ಹೇಳಿದ್ದಳಂತ ಮುದುಕಿ.
ಆ ಕಡೆ ಖಟಾಖಟ್, ಖಟಾಖಟ್.
"ಅಕಿ ಹಂಗ ಅಂದೇ ಇಲ್ಲ," ಅಂದ.
"ಇಂಗ್ಲಿಷ್ ಮಾಡಿದವರಿಗೆ ಕನ್ನಡ ಬರಂಗಿಲ್ಲ, ಬಿಡು."

ನಾಕು ಗಂಟೆಗೆ ಒ ನೆಗೆಟಿವ್ ಕೇಳಿಕೋತ ಒಬ್ಬರು ಬಂದರು,
ಕೊಟ್ಟು ಸಹಿ ಹಾಕಿಸಿಕೊಂಡೆ.
ಆಮ್ಯಾಲೆ ಮತ್ತ ಮೊದಲಿಂದ ಸುರು ಮಾಡಿದೆ,
ದೀವಟಿಗೆ ಇಲ್ಲದ.
ಪರದೆ ಕರ್ರಗ. ಹೆಬ್ಬೆರಳು ಎಡಕ್ಕ.
ಹದಿನೇಳು ಅಂತ ಇಷ್ಟು ವರ್ಷ ಬಾಯಿಪಾಠ,
ಹದಿನಾರಕ್ಕೇ ಡುಬ್ ಅಂತು.